ಲಿಂಕ್ ತೆಗೆದವನು

"ನೀವು ಬರೆದಿರೋದು ತಪ್ಪು!"

ಹೊಲಿಗೆ ಮಷೀನ್ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತ ಆ ಕನ್ನಡಕದವನು ಒಂದು ನಮಸ್ಕಾರವನ್ನೂ ಹೇಳಲಿಲ್ಲ. ಮೊದಲ ಮಾತೇ ಜಗಳದ್ದು!

ಚೂಟಿಗೆ ಮೈಯೆಲ್ಲ ಉರಿಯಿತು. "ಯಾರ್ರೀ ನೀವು?"

"ಯೂನಿವರ್ಸಿಟಿ ಲೈಬ್ರರಿಯವನು. ನಿಮ್ಮ ವೆಬ್‌ಸೈಟಿಗೆ ಲಿಂಕ್ ಕೊಡಿ ಅಂತ ಕೇಳಿದ್ರಲ್ಲ? ಪರೀಕ್ಷೆ ಮಾಡದೆ ನಾನು ಯಾವುದನ್ನೂ ಒಪ್ಪಲ್ಲ. ನೀವು ಹೇಳಿದ ಹಾಗೇ ನಮ್ಮಮ್ಮನ ಮಷೀನಿಗೆ ಸೂಜಿ ಹಾಕ್ದೆ. ಒಂದು ಹೊಲಿಗೆ ಬಿದ್ರೆ ಇನ್ನೊಂದು ಬೀಳ್ತಿಲ್ಲ! ಅಮ್ಮ ನನ್ನ ಮನೆಯಿಂದ ಓಡಿಸೋದೊಂದು ಬಾಕಿ."

ಮೂಲೆಯಲ್ಲಿ ಮಷೀನಿಗೆ ಎಣ್ಣೆ ಬಿಡುತ್ತಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೂಜಿಯ ಚಪ್ಪಟೆ ಬದಿ ಹಿಂದಕ್ಕಿರ್ಬೇಕು ಅಂತ ಬಡ್ಕೊಂಡೆ. ನಮ್ಮ ಚೂಟಿ ಮುಂದಕ್ಕೆ ಅಂತ ಬರೆದಿದ್ದಾಳೆ!"

ಚೂಟಿಯ ಮುಖ ಕೆಂಪಾಯಿತು. ಅಪ್ಪನ ನಲವತ್ತು ವರ್ಷದ ಕಸುಬನ್ನೆಲ್ಲ ಬರೆದು ವೆಬ್‌ಸೈಟಿಗೆ ಹಾಕುವವಳು ಅವಳೇ. ಆದರೆ ಹುಡುಕಿದವರಿಗೆ ಅದು ಸಿಗುತ್ತಿದ್ದದ್ದು ಐದನೇ ಪುಟದಲ್ಲಿ. ಅಲ್ಲಿಯವರೆಗೆ ಯಾರು ಹೋಗುತ್ತಾರೆ? ಲೈಬ್ರರಿಯಂಥ ನಂಬಿಕಸ್ಥ ಸೈಟು ಇವರ ಪುಟಕ್ಕೆ ಲಿಂಕ್ ಕೊಟ್ಟರೆ ಮಾತ್ರ ಸರ್ಚಿನಲ್ಲಿ ಬೆಲೆ. ಅಂಥ ಲಿಂಕುಗಳನ್ನು ಕೇಳಿ ಪಡೆದು, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಅವು ಉಳಿದಿವೆಯೋ ಇಲ್ಲವೋ ನೋಡುವುದೇ ಅವಳ ಕೆಲಸ.

ಕೂಡಲೇ ಅವನೆದುರೇ ತಪ್ಪನ್ನು ತಿದ್ದಿದಳು.

ಮರುದಿನ ಲಿಂಕ್ ಬಂತು. ಎರಡು ತಿಂಗಳಲ್ಲಿ ಸೈಟು ಮೊದಲ ಪುಟಕ್ಕೇರಿತು. ಎಲ್ಲೆಲ್ಲಿಂದಲೋ ಅಪ್ಪನಿಗೆ ಫೋನು!

ಲೈಬ್ರರಿಯವನೂ ಪ್ರತಿ ಶನಿವಾರ ಬರತೊಡಗಿದ. ಅವರಮ್ಮನ ಮಷೀನಿಗೆ ವಾರಕ್ಕೊಂದು ಕಾಯಿಲೆ...

"ಕಾಯಿಲೆ ಮಷೀನಿಗಲ್ಲ" ಎಂದು ಅಪ್ಪ ಗೊಣಗಿದರೆ ಚೂಟಿ ಕೇಳಿಸದವಳಂತೆ ಕೀಬೋರ್ಡ್ ಕುಟ್ಟುತ್ತಿದ್ದಳು. ಆದರೆ ಶುಕ್ರವಾರ ಸಂಜೆಯಿಂದಲೇ ಅವಳ ಕಣ್ಣು ಬಾಗಿಲ ಮೇಲೆ!

ಒಂದು ಶನಿವಾರ ಅವನು ಬರಲಿಲ್ಲ. ಸೋಮವಾರ ಬೆಳಿಗ್ಗೆ ಲಿಂಕುಗಳ ಪಟ್ಟಿ ತೆರೆದರೆ ಮೊದಲ ಸಾಲೇ ಕೆಂಪು. 'ಲೈಬ್ರರಿ: ಶನಿವಾರ ತೆಗೆಯಲಾಗಿದೆ.'

ಸೈಟು ಮತ್ತೆ ಹಿಂದೆ ಬೀಳುತ್ತದೆ ಎಂಬ ಚಿಂತೆ ಬಂದದ್ದು ಆಮೇಲೆ. ಮೊದಲು ಅನ್ನಿಸಿದ್ದು... ನಾನು ಅವನಿಗೆ ಬೇಡವಾದೆನಾ?

ಅರ್ಧ ಗಂಟೆಯಲ್ಲಿ ಅವನ ಮೇಜಿನ ಮುಂದಿದ್ದಳು.

"ನನ್ನ ಮೇಲೆ ಸಿಟ್ಟಿದ್ರೆ ನನಗೆ ಹೇಳ್ಬೇಕಿತ್ತು! ಅಪ್ಪನ ಕೆಲಸದ ಮೇಲೆ ಯಾಕೆ ತೀರಿಸ್ಕೊಂಡ್ರಿ?"

ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಅವನು ಒಂದು ಹಾಳೆಯನ್ನು ಅವಳತ್ತ ತಿರುಗಿಸಿದ. ಲೈಬ್ರರಿಯ ನಿಯಮಗಳು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ: 'ಸಿಬ್ಬಂದಿ ತಮ್ಮ ಸಂಬಂಧಿಕರ ವೆಬ್‌ಸೈಟಿಗೆ ಲಿಂಕ್ ಕೊಡುವಂತಿಲ್ಲ.'

"ನಾವೇನು ನಿಮ್ಮ ಸಂಬಂಧಿಕರಾ?"

"ಇನ್ನೂ ಅಲ್ಲ..."

ಚೂಟಿ ಪೆನ್ಸಿಲ್ ಗೆರೆಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿದಳು.

"ಶನಿವಾರ ನಿಮ್ಮನ್ನ ಕೇಳ್ಬೇಕು ಅಂತಿದ್ದೆ" ಅವನು ಕನ್ನಡಕ ತೆಗೆದು ಒರೆಸಿದ. "ಆ ಲಿಂಕ್ ಇಟ್ಕೊಂಡು ಕೇಳಿದ್ರೆ, ಉಪಕಾರ ಮಾಡಿ ಬದಲು ಕೇಳಿದ ಹಾಗಾಗುತ್ತೆ. ಬೇಡ ಅನ್ನೋಕೆ ನಿಮಗೆ ಕಷ್ಟ ಆಗ್ಬಾರ್ದು. ಅದಕ್ಕೇ ತೆಗೆದೆ. ತೆಗೆದ ಮೇಲೆ ಬರೋಕೇ ಧೈರ್ಯ ಆಗ್ಲಿಲ್ಲ. ನಿಮ್ಮ ಪುಟಗಳನ್ನ ಪರೀಕ್ಷೆ ಮಾಡೋಕೆ ಲೈಬ್ರರಿಯ ಹಿರಿಯ ಮೇಡಂಗೆ ಒಪ್ಪಿಸಿದೀನಿ. ತೀರ್ಮಾನ ಅವರದ್ದೇ."

"ಅವರು ಒಪ್ಪದಿದ್ರೆ?"

"ನಿಮ್ಮಪ್ಪನ ಕೆಲಸ ಗೊತ್ತಿದ್ದೂ ಹೆದರ್ತೀರಾ?"

ಅವಳ ಕಣ್ಣು ತುಂಬಿತು, ನಗುವೂ ಉಕ್ಕಿತು. ಹುಚ್ಚ! ಇಷ್ಟಕ್ಕೆ ಎರಡು ದಿನ ನನ್ನ ಪ್ರಾಣ ತಿಂದೆಯಲ್ಲ...

"ಅವರು ಏನೇ ಹೇಳಲಿ, ನನ್ನ ಉತ್ತರ ಬದಲಾಗಲ್ಲ."

"ನಾನಿನ್ನೂ ಕೇಳೇ ಇಲ್ವಲ್ಲ!"

"ಹಾಗಾದ್ರೆ ಶನಿವಾರ ಬಂದು ಕೇಳಿ. ಅಪ್ಪನ ಮುಂದೆ."

ಗುರುವಾರ ಬೆಳಿಗ್ಗೆ ಪಟ್ಟಿಯ ಮೊದಲ ಸಾಲು ಹಸಿರಾಗಿತ್ತು. ಮೇಡಂ ತಾವೇ ಒಂದು ಮಷೀನ್ ಬಿಚ್ಚಿ, ಪುಟ ನೋಡಿಕೊಂಡು ಜೋಡಿಸಿ, ಲಿಂಕ್ ಕೊಟ್ಟಿದ್ದರು!

ಶನಿವಾರ ಅವನು ಬರಿಗೈಯಲ್ಲಿ ಬಂದ.

"ಮಷೀನ್ ಎಲ್ಲಿ?" ಎಂದರು ಅಪ್ಪ.

"ಅದು... ಮೊದಲಿಂದಲೂ ಚೆನ್ನಾಗೇ ಇದೆ."

"ಗೊತ್ತು ಬಿಡಪ್ಪ. ವಾರ ವಾರ ಸ್ಕ್ರೂ ಸಡಿಲ ಮಾಡ್ಕೊಂಡು ಬರೋನು ನೀನೇ ಅಂತ ನನಗೆ ತಿಳಿಯಲ್ವಾ? ಯಾಕೆ ಅಂತಾನೂ ಗೊತ್ತು, ನನ್ನ ಒಪ್ಪಿಗೆ ಇದೆ." ಎಂದು ಅಪ್ಪ ಎಣ್ಣೆ ಡಬ್ಬಿ ಹಿಡಿದು ಒಳಗೆ ಹೋದರು.

ಚೂಟಿ ಮೆಲ್ಲಗೆ ಕೇಳಿದಳು. "ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಲ್ಲ ಅಂತಿದ್ರಿ. ನನ್ನನ್ನ ಹೇಗೆ ಒಪ್ಪಿದ್ರಿ?"

"ಮೊದಲ ದಿನವೇ ತಪ್ಪು ಸಿಕ್ತಲ್ಲ... ನೀವು ಅದನ್ನ ತಿದ್ಕೊಂಡಿದ್ದು ನೋಡಿ."