ಅಮ್ಮನ ಬಲಗಡೆ

"ಯಾರದು ಈ ಉಸಿರು?"

ಚಿಕ್ಕಲಕ್ಷ್ಮಿ ಕೇಳಿದ್ದು ಯಾರನ್ನೂ ಅಲ್ಲ. ಮಾತು ತಾನಾಗಿ ಬಾಯಿಂದ ಜಾರಿತ್ತು. ತಗಡಿನ ಚಾವಣಿಯ ನಾಟಕದ ಥಿಯೇಟರಿನಲ್ಲಿ, ರಂಗಕ್ಕೆ ಅಂಟಿದಂತಿದ್ದ ಮುಂದಿನ ಚಾಪೆಯ ಮೇಲೆ ಅವಳು ಕೂತಿದ್ದಳು. ಒಂದು ಪಕ್ಕ ಅಪ್ಪ ಮರಿಯಪ್ಪ, ಇನ್ನೊಂದು ಪಕ್ಕ ಸೋದರತ್ತೆ ಲಿಂಗಮ್ಮ. ಇಬ್ಬರ ಕಣ್ಣೂ ರಂಗದ ಮೇಲಿತ್ತು. ಅವಳ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ.

ರಾಜನ ವೇಷದವನು ಮಾತು ಮರೆತು ನಿಂತಿದ್ದ. ಪಕ್ಕದ ಪರದೆಯ ಮರೆಯಿಂದ ಯಾರೋ ಅವನಿಗೆ ಮಾತು ಎತ್ತಿಕೊಟ್ಟರು. ದನಿಯೇ ಇಲ್ಲದ ಬರೀ ಪಿಸುಮಾತು. ಸಾಲಿನ ಕೊನೆಯ ಪದಕ್ಕೆ ಮುಂಚೆ ಅದು ಒಂದು ಕ್ಷಣ ನಿಂತಿತು... ಉಸಿರೆಳೆದುಕೊಂಡಿತು... ಆಮೇಲೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಆ ಪದವನ್ನು ಮೆಲ್ಲಗೆ ಇಳಿಸಿತು.

ಚಿಕ್ಕಲಕ್ಷ್ಮಿ ಪರದೆಯ ಕಡೆ ಬಾಗಿದಳು.

ಹಾಗೆ ನಿಂತು ಉಸಿರೆಳೆಯುವವನು ಅವಳು ಕಂಡಂತೆ ಒಬ್ಬನೇ. ಚನ್ನಕೇಶವ.

ಆದರೆ ಅವನ ಗಂಟಲೆಲ್ಲಿ, ಈ ಪಿಸುಮಾತೆಲ್ಲಿ...

*

ಮೂರು ವರ್ಷದ ಹಿಂದಿನ ಮಾತು. ಹೇರೋಹಳ್ಳಿಯ ಚಾವಡಿಯಲ್ಲಿ ಶ್ರಾವಣ ಪೂರ್ತಿ ಕಾವ್ಯ ಓದುವ ಪದ್ಧತಿಯಿತ್ತು. ಓದುತ್ತಿದ್ದವನು ಚನ್ನಕೇಶವ. ತಂದೆತಾಯಿ ಇಲ್ಲದ ಅವನನ್ನು ಸೋದರಮಾವ ಕೆಂಪಯ್ಯನವರು ಸಾಕಿದ್ದರು, ಓದು ಕಲಿಸಿದವರೂ ಅವರೇ. ಅವನು ಷಟ್ಪದಿ ಎತ್ತಿಕೊಂಡರೆ ಹಗ್ಗ ಹೊಸೆಯುತ್ತಿದ್ದವರ ಕೈ ನಿಂತುಬಿಡುತ್ತಿತ್ತು. ಹೆಂಗಸರು ಕಂಬದ ಹಿಂದೆ ಕೂರುತ್ತಿದ್ದರು. ಚಿಕ್ಕಲಕ್ಷ್ಮಿ ಅವನ ಮುಖ ನೋಡಿದ್ದು ಕಡಿಮೆ. ಕಂಬಕ್ಕೆ ಕೆನ್ನೆ ಆನಿಸಿ ಕೇಳುತ್ತಿದ್ದಳು. ಅವನು ಕೊನೆಯ ಪದಕ್ಕೆ ಮುಂಚೆ ನಿಂತಾಗ ಅವಳೂ ಉಸಿರು ಹಿಡಿಯುತ್ತಿದ್ದಳು, ಬಿಟ್ಟಾಗ ಬಿಡುತ್ತಿದ್ದಳು.

ಒಂದು ದಿನ ಬಾವಿಯ ಹತ್ತಿರ ಅವನು ತಲೆ ತಗ್ಗಿಸಿಕೊಂಡೇ ಕೇಳಿದ. ನಿಮ್ಮಪ್ಪನ ಹತ್ತಿರ ಮಾತಾಡೋಣ ಅಂತಿದೀನಿ, ನಿನಗೆ ಒಪ್ಪಿಗೆ ಇದ್ರೆ ಮಾತ್ರ ಅಂದ.

ಒಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವಳು, ಅಮ್ಮನ್ನ ಹೂ ಕೇಳಿ ಹೇಳ್ತೀನಿ ಅಂದಳು.

ಊರಮ್ಮನ ಗುಡಿಯಲ್ಲಿ ಪೂಜಾರಪ್ಪ ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸುತ್ತಿದ್ದ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಅಮ್ಮ ಹೂಂ ಅಂದ ಹಾಗೆ. ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ಹೂ ಬಿದ್ದಾಗಲೆಲ್ಲ ಪೂಜಾರಪ್ಪನೇ ಕೂಗಿ ಹೇಳುತ್ತಿದ್ದ. ಹಿಂದೆ ನಿಂತ ಹೆಂಗಸರು ಕೈ ಮುಗಿಯುತ್ತಿದ್ದರು, ಅಷ್ಟೇ.

ಅವಳು ಮಾತ್ರ ಆ ಮಂಗಳವಾರ ಪೂಜಾರಪ್ಪ ನೀರು ತರಲು ಹೋದಾಗ, ಒಬ್ಬಳೇ ಹೊಸಿಲ ಮುಂದೆ ನಿಂತು ಕೇಳಿದಳು. ಇಂಥ ಮಾತು ಇನ್ನೊಬ್ಬರ ಎದುರು ಕೇಳುವುದು ಹೇಗೆ?

ಹೂ ಬಿತ್ತು. ಎಡಗಡೆಯದು.

ಮಾರನೆಯ ದಿನ ಬಾವಿಯ ಹತ್ತಿರ ಅವಳು ಹೇಳಿದ್ದು ಎರಡೇ ಮಾತು. "ಅಮ್ಮ ಕೊಡಲಿಲ್ಲ."

ಅವನು ವಾದಿಸಲಿಲ್ಲ. ದೇವರ ಜೊತೆ ವಾದಿಸುವವನಲ್ಲ ಅವನು. ವಾರದೊಳಗೆ ಊರು ಬಿಟ್ಟು ಬೆಂಗಳೂರಿಗೆ ಹೋದ. ಆಮೇಲೆ ಕೆಂಪಯ್ಯನವರೂ ತೀರಿಕೊಂಡರು. ಚಾವಡಿಯಲ್ಲಿ ಓದು ನಿಂತಿತು.

ಮೂರು ವರ್ಷ ಚಿಕ್ಕಲಕ್ಷ್ಮಿ ಬಂದ ಗಂಡುಗಳಿಗೆಲ್ಲ ಏನಾದರೊಂದು ನೆಪ ಹೇಳಿದಳು. ಕೊನೆಗೆ ನೆಪಗಳೂ ಮುಗಿದವು. ಕೆಂಗೇರಿಯ ಜಗನ್ನಾಥ ಒಳ್ಳೆಯವನು, ಬೆಲ್ಲದ ವ್ಯಾಪಾರಸ್ಥರ ಮನೆ. ಬರುವ ಶುಕ್ರವಾರ ಅವರ ಕಡೆಯವರು ವೀಳ್ಯ ಬದಲಾಯಿಸಲು ಬರುವುದೆಂದು ನಿಶ್ಚಯವಾಗಿತ್ತು. ಆಗಲಿ ಅಂದಿದ್ದಳು. ಅಮ್ಮ ಬೇಡ ಅಂದದ್ದನ್ನು ಎಷ್ಟು ದಿನ ಎದೆಯಲ್ಲಿ ಇಟ್ಟುಕೊಳ್ಳುವುದು? ಅದೂ ಪಾಪವೇ.

*

ಮಗಳು ಇನ್ನೊಂದು ಮನೆ ಸೇರುವ ಮುಂಚೆ ಒಂದು ಸಲ ಬೆಂಗಳೂರು ತೋರಿಸಬೇಕೆಂದು ಮರಿಯಪ್ಪನಿಗೆ ಆಸೆ. ಅದಕ್ಕೇ ಈ ಭಾನುವಾರ ಮೂವರೂ ಕೋಳಿ ಕೂಗುವಾಗಲೇ ಬುತ್ತಿ ಕಟ್ಟಿಕೊಂಡು, ಮಾಗಡಿ ರಸ್ತೆಯವರೆಗೆ ನಡೆದು, ಬಸ್ಸು ಹಿಡಿದಿದ್ದರು.

ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಲಿಂಗಮ್ಮ, ಇದರೊಳಗೆ ಸೀರೆ ಉಡೋದು ಹೇಗಪ್ಪ ಎಂದು ನಿಜವಾದ ಚಿಂತೆ ಮಾಡಿದಳು. ಹೊಸದಾಗಿ ಎದ್ದಿದ್ದ ವಿಧಾನಸೌಧದ ಮೆಟ್ಟಿಲಿಗೆ ದೂರದಿಂದಲೇ ಕೈ ಮುಗಿದಳು. ಅದು ಗುಡಿಯಲ್ಲ ಅಂತ ಮರಿಯಪ್ಪ ಹೇಳಿದರೆ, "ಇಷ್ಟು ಕಲ್ಲು ಹೊತ್ತವರಿಗೆ ಮುಗಿದೆ ಬಿಡಣ್ಣ" ಅಂದಳು.

ಚಿಕ್ಕಲಕ್ಷ್ಮಿ ಎಲ್ಲದಕ್ಕೂ ನಕ್ಕಳು. ನಗಬೇಕಾದಲ್ಲಿ ನಕ್ಕಳು, ನೋಡು ಅಂದ ಕಡೆ ನೋಡಿದಳು. ಒಳಗೆ ಮಾತ್ರ ಏನೂ ಇರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಾಗ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ಅದನ್ನು ಕಂಡ. ಕಂಡೂ ಕೇಳಲಿಲ್ಲ, ತನ್ನ ಪಾಲಿನ ಬೆಲ್ಲದ ಚೂರನ್ನು ಅವಳ ಎಲೆಗೆ ಸರಿಸಿದ. ಆ ಬೆಲ್ಲ ನೋಡಿ ಕೆಂಗೇರಿ ನೆನಪಾಗಿ ಅವಳಿಗೆ ಕಣ್ಣು ತುಂಬಿತು.

ಅದಾದ ಮೇಲೆ, ಮಾರ್ಕೆಟ್ಟಿನ ಹತ್ತಿರ ಮಧ್ಯಾಹ್ನ ಮೂರರ ಆಟಕ್ಕೆ ಬಂದು ಕೂತದ್ದು. ದೇವಿಯ ನಾಟಕ ಅಂತ ತಿಳಿದ ಮೇಲೆ ಲಿಂಗಮ್ಮನನ್ನು ಬೇರೆ ಕಡೆ ಕರೆದುಕೊಂಡು ಹೋಗುವುದು ಯಾರಿಗೂ ಸಾಧ್ಯವಿರಲಿಲ್ಲ.

*

ಈಗ ಆ ಪರದೆಯ ಹಿಂದೆ, ಆರು ಮೊಳ ದೂರದಲ್ಲಿ, ಆ ಉಸಿರು.

ಇರಲಿಕ್ಕಿಲ್ಲ. ಇದ್ದರೂ ನನಗೇನು? ಅಮ್ಮ ಬೇಡ ಅಂದಾಗಿದೆ. ಶುಕ್ರವಾರ ವೀಳ್ಯ... ಅವಳು ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಾ ಪ್ರತಿ ಸಾಲಿಗೂ ಕಾಯುತ್ತಿದ್ದಳು. ವೇಷದವರು ಏನು ಹೇಳಿದರೋ ಅವಳಿಗೆ ಗೊತ್ತಿಲ್ಲ. ಅವರಿಗಿಂತ ಮುಂಚೆ ಬರುವ ಪಿಸುಮಾತಷ್ಟೇ ಕೇಳಿದಳು.

ಕಡೆಯ ದೃಶ್ಯ ಬಂತು. ದೇವಿ ಪ್ರತ್ಯಕ್ಷಳಾದಳು. ಕಾಲ ಬಳಿ ಬಿದ್ದಿದ್ದ ಭಕ್ತನಿಗೆ ವರ ಕೊಡಬೇಕು. ಪರದೆಯ ಹಿಂದಿನಿಂದ ಪಿಸುಮಾತು, "ನನ್ನ ಬಲಗೈಯ ಹೂವು..." ನಿಂತಿತು, ಉಸಿರೆಳೆಯಿತು, "ನಿನಗೆ."

ದೇವಿ ಅದನ್ನೇ ಗಟ್ಟಿಯಾಗಿ ಹೇಳಿ ಕೈಯೆತ್ತಿ ಹೂ ಬಿಟ್ಟಳು.

"ಅಯ್ಯೋ, ಎಡಗಡೆ ಹಾಕ್ಬಿಟ್ಳಲ್ಲತ್ತೆ," ಅಂದಳು ಚಿಕ್ಕಲಕ್ಷ್ಮಿ.

ಲಿಂಗಮ್ಮ ರಂಗದ ಮೇಲಿನ ಕಣ್ಣು ತೆಗೆಯದೆ, ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅದು ನಿನ್ನ ಎಡ ಕಣೇ. ಅವಳು ನಿನ್ನ ಎದುರಿಗೆ ನಿಂತವಳೆ. ಅಮ್ಮನಿಗೆ ಅದು ಬಲ."

"ಗುಡೀಲೂ ಹಾಗೇನಾ?"

"ಮತ್ತೆ? ಹೂ ಕೊಡೋಳು ಅವಳು. ಅವಳ ಬಲಾನೇ ಬಲ."

ಚಿಕ್ಕಲಕ್ಷ್ಮಿಗೆ ಸುತ್ತಲಿನ ಚಪ್ಪಾಳೆ ಎಲ್ಲೋ ದೂರದ ಊರಿನಲ್ಲಿ ಆದಂತೆ ಕೇಳಿಸಿತು.

ಅಮ್ಮ ಕೊಟ್ಟಿದ್ದಳು.

ಹೊಸಿಲ ಮುಂದೆ ನಿಂತು, ಕಣ್ಣು ತುಂಬ ನೋಡಿ, ಹೂಂ ಅಂದದ್ದನ್ನು ಬೇಡ ಅಂತ ಓದಿಕೊಂಡು ಬಂದಿದ್ದಳು ತಾನು. ಅಷ್ಟೊಂದು ಶ್ರಾವಣ ಕಂಬಕ್ಕೆ ಆನಿಕೊಂಡು ಕೇಳಿದವಳಿಗೆ ಅಮ್ಮನ ಒಂದು ಮಾತು ಕೇಳಿಸಿಕೊಳ್ಳಲು ಬರಲಿಲ್ಲ. ಒಬ್ಬ ಮನುಷ್ಯ ಊರು ಬಿಟ್ಟ. ಚಾವಡಿಯಲ್ಲಿ ದೀಪ ಆರಿತು. ಎಲ್ಲಾ ತನ್ನಿಂದ. ಬೇರೆ ಯಾರನ್ನಾದರೂ ದೂರಬಹುದಾಗಿದ್ದರೆ ಎಷ್ಟು ಹಗುರಾಗುತ್ತಿತ್ತೋ...

*

ಆಟ ಮುಗಿದ ಮೇಲೆ ಲಿಂಗಮ್ಮ ಹಟ ಹಿಡಿದಳು. ದೇವಿಯ ವೇಷ ಕಳಚುವ ಮುಂಚೆ ಕುಂಕುಮ ಇಟ್ಟು ಕಾಲಿಗೆ ಬೀಳಬೇಕು. ಬಸ್ಸಿನ ಹೊತ್ತಾಯಿತು ಎಂದ ಮರಿಯಪ್ಪನ ಮಾತು ನಡೆಯಲಿಲ್ಲ. ಅವನು ಹೊರಗೆ ನಿಂತ. ಅತ್ತೆಯ ಹಿಂದೆ ಚಿಕ್ಕಲಕ್ಷ್ಮಿ ರಂಗದ ಹಿಂಬಾಗಿಲಿನಿಂದ ಒಳಗೆ ಹೋದಳು.

ಒಳಗೆ ದೇವಿ ಕಿರೀಟ ಮಡಿಲಲ್ಲಿಟ್ಟುಕೊಂಡು ಬೀಡಿ ಸೇದುತ್ತಿದ್ದಳು. ಲಿಂಗಮ್ಮ ನಿಂತಲ್ಲೇ ನಿಂತಳು. ದೇವಿ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಗಂಡು ದನಿಯಲ್ಲಿ, ತನ್ನ ಹೆಸರು ಚಿಕ್ಕಮುನಿಯಪ್ಪ ಅಂತಲೂ ತಾಯಿ ದಯವಿಟ್ಟು ಕಾಲಿಗೆ ಬೀಳಬಾರದೆಂತಲೂ ಬೇಡಿಕೊಂಡ.

"ಗಂಡಾದ್ರೇನಪ್ಪ, ಈಗ ತಾನೆ ಅಮ್ಮ ನಿನ್ನ ಮೈಮೇಲಿದ್ಲು. ಇನ್ನೂ ಬಾಗಿಲು ದಾಟಿರಲ್ಲ," ಎಂದು ಲಿಂಗಮ್ಮ ಕುಂಕುಮದ ಭರಣಿ ತೆಗೆದಳು.

ಪರದೆಗಳ ಸಂದಿಯಲ್ಲಿ, ಮಣೆಯ ಮೇಲೆ, ಒಬ್ಬ ಹಾಳೆಗಳನ್ನು ಜೋಡಿಸುತ್ತಿದ್ದ. ಕುತ್ತಿಗೆಗೆ ಬಿಳಿಯ ಬಟ್ಟೆ ಸುತ್ತಿಕೊಂಡಿದ್ದ. ತಲೆಯೆತ್ತಿದ.

ಚನ್ನಕೇಶವನೇ. ಇಳಿದ ಕೆನ್ನೆ. ಕಣ್ಣು ಮಾತ್ರ ಅದೇ.

ಅವನೇ ಮೊದಲು ಪಿಸುಗುಟ್ಟಿದ. ಅದು ಗುಟ್ಟಿನ ಮಾತಲ್ಲ, ಅವನಿಗೆ ಉಳಿದಿದ್ದ ದನಿಯೇ ಅದು. ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತಂತೆ. ಎರಡನೆಯ ವರ್ಷ ಗಂಟಲಲ್ಲಿ ಗಂಟು ಎದ್ದಿತಂತೆ. ಡಾಕ್ಟರು ಕುಯ್ದು ತೆಗೆದರು, ಜೀವ ಉಳಿಯಿತು, ದನಿ ಹೋಯಿತು. ಓದು ಬಿಟ್ಟಿರಲಾಗದೆ ಭಾನುವಾರ ಇಲ್ಲಿ ಬಂದು ಮಾತು ಎತ್ತಿಕೊಡುತ್ತೇನೆ ಅಂದ. ಯಾರದೋ ಬಾಯಲ್ಲಾದರೂ ಪದ ಆಡಲಿ ಅಂತ.

ಅವಳು ನೆಲ ನೋಡುತ್ತಾ ಕೇಳಿದಳು. ಕೇಳಿದ್ದೆಲ್ಲ ಒಂದೊಂದಾಗಿ ಅವಳ ತಲೆಯ ಮೇಲೆ ಬಂದು ಕೂತಿತು.

"ಅಮ್ಮ ಕೊಟ್ಟಿದ್ಲು," ಅಂದಳು.

ಅವನಿಗೆ ಅರ್ಥವಾಗಲಿಲ್ಲ.

"ಆವತ್ತು ಹೂ ಬಿದ್ದಿದ್ದು ನನ್ನ ಎಡಕ್ಕೆ. ಅಮ್ಮನ ಬಲಕ್ಕೆ. ನಂಗೆ ಗೊತ್ತಾಗ್ಲಿಲ್ಲ... ಈಗ, ನೀವು ಆ ಮಾತು ಎತ್ತಿಕೊಟ್ರಲ್ಲ, ಆಗ ಗೊತ್ತಾಯ್ತು."

ಚನ್ನಕೇಶವನ ಕೈಯಿಂದ ಹಾಳೆಗಳು ಕೆಳಗೆ ಬಿದ್ದವು. ಅವನು ಎತ್ತಿಕೊಳ್ಳಲಿಲ್ಲ. ಮೂರು ವರ್ಷ ಅಮ್ಮನೇ ತನ್ನನ್ನು ಬೇಡ ಅಂದಳು ಎಂದು ನಂಬಿ ಬದುಕಿದ್ದವನು ಅವನು. ಗಂಟಲು ಕುಯ್ದಾಗಲೂ, ಬೇಡವಾದವನಿಗೆ ಇನ್ನೇನು ಆಗಬೇಕು ಎಂದುಕೊಂಡಿದ್ದ. ಅವನ ಭುಜ ಅಲುಗಿತು. ಅಳುವುದಕ್ಕೂ ಅವನಲ್ಲಿ ದನಿಯಿರಲಿಲ್ಲ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಮರಿಯಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಚಿಕ್ಕಲಕ್ಷ್ಮಿ ಅಲ್ಲೇ ಕುಸಿದು ಕೂತಳು. ಎಲ್ಲಾ ಮುಗಿಯಿತು ಅಂದುಕೊಂಡಳು. ಅಪ್ಪ ಕೊಟ್ಟ ಮಾತು, ಜಗನ್ನಾಥನ ಮನೆಯವರ ಮರ್ಯಾದೆ, ಶುಕ್ರವಾರ...

ಮರಿಯಪ್ಪ ವೇಷದ ಟ್ರಂಕಿನ ಮೇಲೆ ಕೂತು, ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಬಸ್ಸು ಹೋಯ್ತು," ಅಂದ. "ಇನ್ನೊಂದು ಐತೆ." ಚನ್ನಕೇಶವನನ್ನೇ ನೋಡುತ್ತಾ ಹೇಳಿದ, "ಮೂರು ಶ್ರಾವಣ ಚಾವಡಿ ಖಾಲಿ ಬಿದ್ದೈತೆ. ಯಾಕೆ ಅಂತ ನಂಗೆ ಯಾರೂ ಹೇಳ್ಲಿಲ್ಲ."

ಮಗಳ ಕಡೆ ತಿರುಗಿದ.

"ಶುಕ್ರವಾರಕ್ಕೆ ಇನ್ನೂ ಐದು ದಿನ ಐತೆ. ನಾಳೆ ನಾನೇ ಕೆಂಗೇರಿಗೆ ಹೋಗ್ತೀನಿ. ಆ ಹುಡುಗಂದು ತಪ್ಪಿಲ್ಲ. ಬಯ್ಯೋದೆಲ್ಲ ನಾನು ನಿಂತು ಬಯ್ಸಿಕೊಳ್ತೀನಿ. ನಿನ್ನ ಮನಸ್ಸು ಗಟ್ಟಿ ಐತಾ, ಅಷ್ಟು ಹೇಳು."

ಚಿಕ್ಕಲಕ್ಷ್ಮಿ ಉತ್ತರ ಕೊಡುವ ಮುಂಚೆ ಚನ್ನಕೇಶವ ಎದ್ದು ನಿಂತ. ಕೈ ಮುಗಿದಿದ್ದ. ಮುಖದಲ್ಲಿ ಸಂತೋಷವಿರಲಿಲ್ಲ, ಭಯವಿತ್ತು.

"ಬೇಡಿ," ಅಂದ. "ಗಂಟು ಮತ್ತೆ ಏಳಬಹುದು ಅಂದಿದಾರೆ ಡಾಕ್ಟರು. ಎಷ್ಟು ವರ್ಷವೋ ಹೇಳೋಕಾಗಲ್ಲ ಅಂದ್ರು. ಚಾವಡೀಲಿ ಓದೋಕೆ ನಾನಿನ್ನು ಬರಲ್ಲ."

ಮರಿಯಪ್ಪ ರುಮಾಲಿನ ಅಂಚನ್ನು ಬೆರಳಲ್ಲಿ ಸುತ್ತಿದ, ಬಿಚ್ಚಿದ. ಅತ್ತ ಲಿಂಗಮ್ಮ ಕುಂಕುಮದ ಭರಣಿಗೆ ಮುಚ್ಚಳ ಹಾಕಿದಳು.

ಚನ್ನಕೇಶವ ಚಿಕ್ಕಲಕ್ಷ್ಮಿಯ ಮುಂದೆ ಮಂಡಿಯೂರಿದ. ಅವಳಿಗಷ್ಟೇ ಕೇಳುವ ಹಾಗೆ ಮಾತಾಡಿದ.

"ಲಕ್ಷ್ಮಿ, ಆವತ್ತು ನೀನು ಅಮ್ಮನ್ನ ಕೇಳಿದ್ದು ಓದ್ತಿದ್ದ ಚನ್ನಕೇಶವನಿಗೆ. ಅವನು ಈಗ ಇಲ್ಲ."

"ನೀವು ಸಾಲಿನ ಕೊನೇಲಿ ಉಸಿರೆಳಕೊಂಡ್ರಲ್ಲ," ಅಂದಳು ಅವಳು. "ಅಷ್ಟರಲ್ಲೇ ನಂಗೆ ಗೊತ್ತಾಯ್ತು. ಮುಖ ನೋಡಿ ಅಲ್ಲ, ದನಿ ಕೇಳೀನೂ ಅಲ್ಲ."

"ಬರೀ ಉಸಿರು ಇಟ್ಕೊಂಡು ಏನ್ ಮಾಡ್ತೀಯ?"

"ಹತ್ರ ಕೂತ್ಕೊಂಡು ಕೇಳ್ತೀನಿ. ಆಗ ಕಂಬದ ಹಿಂದಿದ್ದೆ."

ಅವನು ಕಣ್ಣು ಮುಚ್ಚಿಕೊಂಡ. ಕೊನೆಯ ಆಸರೆ ಹಿಡಿಯುವವನಂತೆ ಬೇಡಿಕೊಂಡ.

"ಹಂಗಾದ್ರೆ ಒಂದು ಮಾತು ನಡೆಸಿಕೊಡು. ಊರಿಗೆ ಹೋಗಿ ಪೂಜಾರಪ್ಪನ್ನ ಮುಂದಿಟ್ಕೊಂಡು ಅಮ್ಮನ್ನ ಇನ್ನೊಂದು ಸಲ ಕೇಳು. ಇವನು ಹಿಂಗಾಗಿದಾನೆ, ಎಷ್ಟು ದಿನವೋ ಗೊತ್ತಿಲ್ಲ, ಈಗಲೂ ಕೊಡ್ತೀಯಾ ಅಂತ... ಒಂದೇ ಒಂದು ಸಲ..." ನಿಂತ. ಉಸಿರೆಳೆದುಕೊಂಡ. "ಕೇಳು."

ಅವನ ಉಸಿರಿನ ಜೊತೆ ಅವಳೂ ಉಸಿರು ಹಿಡಿದಿದ್ದಳು. ಮೆಲ್ಲಗೆ ಬಿಟ್ಟಳು.

"ಕೇಳಲ್ಲ," ಅಂದಳು ಚಿಕ್ಕಲಕ್ಷ್ಮಿ. "ಅಮ್ಮ ಕೊಟ್ಟಾಗಿದೆ."