ಎಂಜಿನ್ನಿನ ಜೋಡಿ ಬಂದವಳು

"ಎಂಜಿನ್ ಒಯ್ರಿ ವೈನಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಜೋಡಿ ಬಂದದ್ದನ್ನೂ ಒಯ್ಯಬೇಕಾಗತೈತಿ... ಅವ್ವನ್ನೂ ಕರ್ಕೊಂಡು ಹೋಗ್ರಿ!"

ಪ್ರಭು ಈ ಮಾತನ್ನು ಹೇಳಿದ್ದು ಗುಟ್ಟಾಗಿ ಅಲ್ಲ. ಹಿರೇಕೆರೂರಿನ ತನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಹೆತ್ತ ತಾಯಿ ವೀರವ್ವ ಅಡಿಗೆಮನೆಯ ಬಾಗಿಲ ಹತ್ತಿರವೇ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿರುವಾಗಲೇ ಹೇಳಿದ. ಮೊರದ ಸಪ್ಪಳ ಗಕ್ಕನೆ ನಿಂತಿತು. ಮುಂಜಾನೆಯ ಬಸ್ಸಿಗೆ ಬಂದು, ಅರ್ಧ ಕಪ್ಪು ಚಹಾ ಕುಡಿದು, ಇನ್ನೂ ಹೊಸ್ತಿಲ ಹತ್ತಿರವೇ ನಿಂತಿದ್ದ ಫಕ್ಕೀರವ್ವ ಕಪ್ಪನ್ನು ಗೋಡೆಯ ಬುಡಕ್ಕಿಟ್ಟಳು. ಗಂಡ ಮಾಲತೇಶ ತೀರಿಕೊಂಡ ಮೇಲೆ ಮೈದುನನ ಮನೆಯ ಮೆಟ್ಟಿಲು ಹತ್ತಿದವಳಲ್ಲ ಆಕೆ. ಇವತ್ತು ಹತ್ತಿದ್ದೂ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಮಾವನ ಕಾಲದ ದೋಣಿಯ ಎಂಜಿನ್ ಕೇಳುವುದಕ್ಕೆ. ಆದರೆ ಎಂಜಿನ್ನಿಗೆ ಅತ್ತೆಯನ್ನು ಕಟ್ಟಿ ಕೊಡುತ್ತಾರೆಂದು ಯಾರು ಎಣಿಸಿದ್ದರು?

ಪ್ರಭುವಿನ ಹೆಂಡತಿ ನೀಲಾಂಬಿಕಾ ಗಂಡನಿಗಿಂತ ಮೆತ್ತಗೆ ಮಾತಾಡುವವಳು. ಮೆತ್ತಗಿನ ಮಾತೇ ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಕಬ್ಬಿನಹಾಲಿನ ಗಾಡಿಗೆ ಈಗ ಕರೆಂಟಿನ ಮೋಟರ್ ಕೂಡಿಸೇವಿ. ಆ ಎಂಜಿನ್ ಮ್ಯಾಲೆ ಕೋಳಿ ಕಾವಿಗೆ ಕುಂದರಾಕತ್ತಾವು. ಹುಡುಗ್ರು ದೊಡ್ಡಾವಾದವು, ಮನ್ಯಾಗ ಜಾಗಾ ಸಾಲವಲ್ದು. ಎಂಜಿನ್ ಸಂಬಂಧನ ಅತ್ತಿಯವರು ನಮ್ಮ ಕಡೆ ಬಂದಿದ್ರು. ಎಂಜಿನ್ ನಿಮ್ಮ ಕಡೆ ಬಂತಂದ್ರ, ಅವರೂ ನಿಮ್ಮ ಕಡೆ... ನ್ಯಾಯ ಅಲ್ಲೇನ್ರಿ?"

ನ್ಯಾಯ! ಆ ಮನೆತನದಲ್ಲಿ ಈ ಶಬ್ದ ಮೊದಲ ಸಲ ಕೇಳಿಬಂದದ್ದು ಮಾವ ಉಡಚಪ್ಪ ಸತ್ತ ವರ್ಷ. ಮದಗದ ಕೆರೆಯ ದಂಡೆಯಲ್ಲಿ ಮೀನು ಹಿಡಿದು ಬದುಕಿದ ಅಂಬಿಗರ ಮನೆ ಅದು. ಹೊಲವಿಲ್ಲ, ಮನೆಯೆಂದರೆ ಎರಡು ಖೋಲಿ. ಇದ್ದ ಆಸ್ತಿಯೆಂದರೆ ಉಡಚಪ್ಪ ಜೀವ ತೇಯ್ದು ಮಾಡಿಸಿದ ಕಟ್ಟಿಗೆಯ ದೋಣಿ ಮತ್ತು ಅದಕ್ಕೆ ಕೂಡಿಸಿದ ಡೀಸೆಲ್ ಎಂಜಿನ್. ಇಬ್ಬರು ಗಂಡುಮಕ್ಕಳು ಪಾಲಿಗೆ ಕುಳಿತಾಗ ಹಿರಿಯರು ದೋಣಿಯನ್ನು ಕೂಡಿಯೇ ನಡೆಸಿರೆಂದು ಹೇಳಿ ಹೇಳಿ ಸೋತರು. ಪ್ರಭುವಿಗೆ ಕೆರೆ ಬೇಡ, ಊರು ಬೇಕಾಗಿತ್ತು. ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನಹಾಲಿನ ಗಾಡಿ ಹಾಕಲು ಎಂಜಿನ್ ಬೇಕಾಗಿತ್ತು. ಆಗ ತಾಯಿ ವೀರವ್ವ ಎದ್ದು ನಿಂತು ತೀರ್ಪು ಕೊಟ್ಟುಬಿಟ್ಟಳು.

"ಮಾಲತೇಶನ ರಟ್ಟ್ಯಾಗ ಶಕ್ತಿ ಐತಿ, ಹುಟ್ಟು ಹಾಕ್ಕೊಂಡು ತಿಂತಾನ. ಸಣ್ಣಾವಗ ಏನೈತಿ? ದೋಣಿ ದೊಡ್ಡಾವಗ, ಎಂಜಿನ್ ಸಣ್ಣಾವಗ. ನಾನೂ ಎಂಜಿನ್ ಜೋಡಿ ಹೋಗ್ತೇನಿ. ಮುಗೀತು!"

ಹೀಗೆ ಒಂದು ದೋಣಿಯನ್ನು ಎರಡು ಮಾಡಿದ ಬುದ್ಧಿವಂತರು ಇವರು. ಎಮ್ಮೆ ಪಾಲು ಮಾಡುವಾಗ ಮುಂದಿನ ಕಾಲು ನಿನಗೆ, ಹಿಂದಿನ ಕಾಲು ನನಗೆ ಎಂದ ಹಾಗಾಯಿತು. ಮಾಲತೇಶ ಒಪ್ಪಿಕೊಂಡ. ತಾಯಿ ತನ್ನ ರಟ್ಟೆಯನ್ನು ಹೊಗಳಿದಳೆಂದು ಆ ಹುಚ್ಚನಿಗೆ ಒಳಗೊಳಗೇ ಖುಷಿಯೂ ಆಗಿತ್ತು! ಹುಟ್ಟು ಹಿಡಿದು ಆ ದೊಡ್ಡ ದೋಣಿಯನ್ನು ಒಬ್ಬನೇ ನಡೆಸಿದ. ಎರಡು ಗುಡ್ಡಗಳ ನಡುವಿನ ಆ ಕೆರೆಗೆ ಆಷಾಢದಲ್ಲಿ ಗಾಳಿ ನುಗ್ಗಿತೆಂದರೆ ದೋಣಿಯನ್ನು ಎತ್ತ ಬೇಕಾದರೂ ಎಳೆದೊಯ್ಯುತ್ತದೆ. ಅಂಥದೊಂದು ದಿನ ಬಲೆ ಎತ್ತಲು ಹೋದವನು ತಿರುಗಿ ಬರಲಿಲ್ಲ. ದಂಡೆಯ ಮೇಲಿದ್ದ ಜನ ನೋಡುತ್ತಲೇ ಇದ್ದರು. ಅವನು ಹುಟ್ಟು ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ದೋಣಿ ಮುಂದೆ ಬರಲೇ ಇಲ್ಲ. ಆಮೇಲೆ ಅಡ್ಡ ತಿರುಗಿ ಮಗುಚಿತು. ಹೆಣ ತೂಬಿನ ಹತ್ತಿರ ಸಿಕ್ಕಿತು.

ಹೆಣದ ಮುಂದೆ ವೀರವ್ವ ಎದೆ ಬಡಿದುಕೊಂಡು ಅತ್ತದ್ದು ಒಂದೇ ಮಾತು: "ಇಂಥಾ ಗಾಳ್ಯಾಗ ನನ್ನ ಮಗನ್ನ ನೀರಿಗೆ ನೂಕಿದ್ಯಲ್ಲ, ಬಂಜಿ! ತಿಂದ್ಯಲ್ಲ ಅವನ್ನ!" ಎಂಜಿನ್ನಿನ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ವೀರವ್ವನಿಗೂ ಗೊತ್ತಿತ್ತು. ಗೊತ್ತಿದ್ದವರೇ ಜೋರಾಗಿ ಬೈಯುವುದು. ಫಕ್ಕೀರವ್ವ ಆ ಬೈಗುಳವನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಅವತ್ತಿನಿಂದ ಇಟ್ಟುಕೊಂಡೇ ಬಂದಿದ್ದಳು.

ಅಂಥ ಅತ್ತೆಯನ್ನು ಈಗ ಮನೆಗೆ ಕರೆದೊಯ್ಯಬೇಕು! "ನಿಮ್ಮ ಎಂಜಿನ್ನೂ ಬ್ಯಾಡ, ನಿಮ್ಮ ಅವ್ವನೂ ಬ್ಯಾಡ" ಎಂಬ ಮಾತು ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೆರೆಯ ಸಂಘದವರು ಹೇಳಿದ ಮಾತು ಬೆನ್ನಿಗೇ ನಿಂತಿತ್ತು. ಗಂಡ ಹೋದಾಗಿನಿಂದ ಆ ಮನೆಯ ದೋಣಿ ನೀರಿಗಿಳಿದಿಲ್ಲ. ಈ ಮಳೆಗಾಲದ ಮೊದಲ ಬಲೆಗೂ ಇಳಿಯದಿದ್ದರೆ ಉಡಚಪ್ಪನ ಮನೆಯ ಪಾಳಿ ಬೇರೆಯವರಿಗೆ ಹೋಗುತ್ತದೆ. ಪಾಳಿ ಹೋದರೆ ಕೆರೆಯಲ್ಲಿ ಬಲೆ ಹಾಕುವ ಹಕ್ಕು ಮತ್ತೆ ಹುಟ್ಟುವುದಿಲ್ಲ. ಆಮೇಲೆ ಆಯುಷ್ಯವಿಡೀ ರಟ್ಟೀಹಳ್ಳಿಯ ಹೋಟೆಲಿನಲ್ಲಿ ಎಂಜಲು ತಾಟು ತಿಕ್ಕುವುದೇ ಗತಿ, ಇಲ್ಲವೇ ಹಿರೇಬೆಂಡಿಗೇರಿಯ ತವರಿನಲ್ಲಿ ಅಣ್ಣನ ಹೆಂಡತಿ ಬಡಿಸಿದಷ್ಟು ಉಣ್ಣುವುದು. ಗಾಳಿಯ ದಿನ ಒಬ್ಬ ಹೆಂಗಸು ಹುಟ್ಟು ಹಾಕಿ ಆ ದೋಣಿ ನಡೆಸುವುದು ಆಗದ ಮಾತು. ಗಂಡಸಿನ ಕೈಯಲ್ಲೇ ಆಗಲಿಲ್ಲವಲ್ಲ!

ಆಕೆ ಬಾಯಿ ತೆರೆಯುವ ಮೊದಲೇ ವೀರವ್ವ ಒಳಗಿನಿಂದ ಹೊರಬಂದಳು. ಕೈಯಲ್ಲಿ ತನ್ನ ತಗಡಿನ ಟ್ರಂಕು. ಮಗನ ಕಡೆ ನೋಡಲಿಲ್ಲ.

"ಟಂಟಂ ಕರೀರಿ," ಎಂದಳು. "ಎಂಜಿನ್ ವಜ್ಜಿ ಐತಿ, ತಲಿ ಮ್ಯಾಲೆ ಹೊತ್ಕೊಂಡು ಹೋಗಾಕ ಬರೂದಿಲ್ಲ. ನಾ ಏನು, ನಡ್ಕೊಂತನೂ ಬಂದೇನು."

"ಅವ್ವಾ, ಹಂಗ್ಯಾಕ ಮಾತಾಡ್ತಿ..." ಪ್ರಭು ತೊದಲಿದ.

"ನೀ ಸುಮ್ನಿರೋ ತಮ್ಮಾ. ಜಾಗಾ ಸಾಲವಲ್ದಲ್ಲ ನಿನಗ!"

ಟಂಟಂನಲ್ಲಿ ಡ್ರೈವರ್ ಮುಂದೆ ಕೂರಲು ಕರೆದರೂ ವೀರವ್ವ ಒಪ್ಪಲಿಲ್ಲ. ಹಿಂದೆ ಎಂಜಿನ್ನಿನ ಪಕ್ಕದಲ್ಲೇ ಕುಳಿತಳು. ರಸ್ತೆ ಕೆಟ್ಟಲ್ಲೆಲ್ಲ ಎಂಜಿನ್ ಹೊರಳದಂತೆ ಎರಡೂ ಕೈಯಿಂದ ಅವಚಿ ಹಿಡಿದಿದ್ದಳು. ಸೀರೆಗೆಲ್ಲ ಮಸಿ, ಕೋಳಿಯ ಪುಕ್ಕ. ಎದುರಿಗೆ ಕುಳಿತ ಫಕ್ಕೀರವ್ವ ಅದನ್ನು ನೋಡಿಯೂ ನೋಡದವಳಂತೆ ಹೊಲಗಳ ಕಡೆ ಮುಖ ತಿರುಗಿಸಿದ್ದಳು.

ದೋಣಿಯ ಕೆಲಸ ಅರ್ಧ ಮುಗಿದಿತ್ತು. ಬೇವಿನ ಗಿಡದ ಕೆಳಗೆ ಬೋರಲು ಬಿದ್ದು ಒಣಗಿದ ದೋಣಿಯ ಹಲಗೆಗಳು ಬಿಟ್ಟುಕೊಂಡು, ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಫಕ್ಕೀರವ್ವ ಹತ್ತಿಯನ್ನು ರಾಳ ಬೆರೆಸಿದ ಎಣ್ಣೆಯಲ್ಲಿ ಅದ್ದಿ ಸಂದಿಗೆ ತುರುಕಿದ್ದಳು. ಆಮೇಲೆ ಕಲ್ಲು ಹೇರಿ ದೋಣಿಯನ್ನು ದಂಡೆಯ ಹತ್ತಿರದ ತಗ್ಗು ನೀರಿನಲ್ಲಿ ಮುಳುಗಿಸಿಟ್ಟಿದ್ದಳು. ಒಣಗಿದ ಕಟ್ಟಿಗೆ ನೀರು ಕುಡಿದು ಉಬ್ಬಿದರೇನೇ ಸಂದಿ ಕೂಡುವುದು. ಅದು ಆ ದಂಡೆಯವರಿಗೆಲ್ಲ ಗೊತ್ತಿದ್ದ ಕೆಲಸವೇ. ಆದರೂ ದಾರಿಯಲ್ಲಿ ಹೋಗುವವಳೊಬ್ಬಳು, "ಗಂಡ ಮುಳುಗಿದ್ದು ಸಾಲಲಿಲ್ಲಂತ ದೋಣೀನೂ ಮುಳುಗಿಸೀಯೇನ?" ಎಂದು ನಕ್ಕು ಹೋಗಿದ್ದಳು. ಜನಕ್ಕೆ ಏನು, ಬಾಯಿಗೆ ಬಾಡಿಗೆ ಕೊಡಬೇಕೆ?

ರಟ್ಟೀಹಳ್ಳಿಯಿಂದ ಜಮಾಲಸಾಬ ಮಿಸ್ತ್ರಿ ಬಂದು ಎಂಜಿನ್ ಬಿಚ್ಚಿದ. ಒಳಗೆಲ್ಲ ತುಕ್ಕು, ಕಬ್ಬಿನ ಸಿಪ್ಪೆಯ ಧೂಳು, ಇಲಿಯ ಗೂಡು. "ಕಬ್ಬಿನಹಾಲಿನ ಗಾಡಿ ನಡಸಿ ನಡಸಿ ಇದಕ್ಕ ಸಕ್ಕರಿ ರೋಗ ಬಂದೈತಿ ನೋಡವಾ," ಎಂದು ಅವನು ನಗಿಸಲು ನೋಡಿದ, ಯಾರೂ ನಗಲಿಲ್ಲ. ಹೊಸ ರಿಂಗು, ಹೊಸ ಪೈಪು, ನೀರು ತಳ್ಳುವ ಬಗ್ಗಿದ ಪಂಖಕ್ಕೆ ಬೆಸುಗೆ ಎಲ್ಲ ಆಗಬೇಕಿತ್ತು. ಫಕ್ಕೀರವ್ವ ಡಬ್ಬಿಯ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ತಾಳಿಯ ಗುಂಡುಗಳನ್ನು ತೆಗೆದುಕೊಟ್ಟಳು. ಕೊರಳಿಗೆ ಹೇಗೂ ಬೇಡವಾದ ಬಂಗಾರ ಅದು.

ವೀರವ್ವ ಆ ದಿನಗಳಲ್ಲಿ ಮನೆಯ ಒಂದು ಮೂಲೆ ಹಿಡಿದಿದ್ದಳು. ಇಬ್ಬರದೂ ಒಂದೇ ಒಲೆ, ಆದರೆ ಮಾತು ಮಾತ್ರ ಬೇರೆ ಬೇರೆ ಗೋಡೆಗೆ. ಒಮ್ಮೆ ಎಂಜಿನ್ ಕೂಡಿಸುವಾಗ ಆಕೆ ತಾನಾಗಿಯೇ ಬಂದು, ಅದು ಅದುರದಂತೆ ಬೋಲ್ಟಿನ ಕೆಳಗೆ ರಬ್ಬರ್ ತುಂಡು ಇಟ್ಟಳು. ಗಂಡನ ಕಾಲದಲ್ಲಿ ಚುಕ್ಕಾಣಿ ಹಿಡಿದವಳು, ಗೊತ್ತಿಲ್ಲದೆ ಇರುತ್ತದೆಯೇ? ಫಕ್ಕೀರವ್ವ ಅದರ ಮೇಲೆಯೇ ಬೋಲ್ಟು ಬಿಗಿದಳು.

ಮೊದಲ ಬಲೆಯ ದಿನ ಬಂತು. ಆಷಾಢದ ಮೋಡ ಗುಡ್ಡದ ಮೇಲೆ ಇಳಿದಿತ್ತು. ಉಳಿದ ದೋಣಿಗಳು ಆಗಲೇ ನೀರಿಗಿಳಿದಿದ್ದವು. ಜಮಾಲಸಾಬ ಹ್ಯಾಂಡಲ್ ತಿರುವಿದ. ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಗುಡುಗತೊಡಗಿತು. ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಉಡಚಪ್ಪನ ದೋಣಿಯ ಸದ್ದು! ಸಂಘದ ಹಿರಿಯನೊಬ್ಬ ಕೈಯೆತ್ತಿ ಸನ್ನೆ ಮಾಡಿದ. ಪಾಳಿ ಉಳಿಯಿತು. ಫಕ್ಕೀರವ್ವನ ಕಣ್ಣಲ್ಲಿ ನೀರು ತುಂಬಿತು. ಆದರೆ ಆಕೆ ಕಾಯುತ್ತಿದ್ದದ್ದು ಬರೀ ಇದಕ್ಕಲ್ಲ.

"ಬರ್ರಿ ಅತ್ತಿ, ಚುಕ್ಕಾಣಿ ಹಿಡೀರಿ. ನಾ ಬಲಿ ಬಿಡಬೇಕು, ಇಬ್ಬರು ಬೇಕು," ಎಂದಳು. ಮನೆಗೆ ಬಂದಮೇಲೆ ಆಕೆ ಅತ್ತೆಯ ಮುಖ ನೋಡಿ ಆಡಿದ ಮೊದಲ ಮಾತು. ವೀರವ್ವ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದಳು.

ಬಲೆ ಬಿಟ್ಟಾಯಿತು. ಕೆರೆಯ ನಟ್ಟನಡುವೆ, ಗುಡ್ಡದ ಸಂದಿಯಿಂದ ಗಾಳಿ ನೇರವಾಗಿ ಹೊಡೆಯುವ ಜಾಗದಲ್ಲಿ, ಫಕ್ಕೀರವ್ವ ಬಗ್ಗಿ ಎಂಜಿನ್ ಬಂದ್ ಮಾಡಿದಳು.

"ಯಾಕ? ಏನಾತವಾ?" ವೀರವ್ವ ಗಾಬರಿಯಾದಳು.

"ಏನೂ ಆಗಿಲ್ಲ. ಅವರು ಸಿಕ್ಕೊಂಡಿದ್ದು ಇಲ್ಲೇ. ಇಲ್ಲಿಂದ ದಂಡಿ ಎಷ್ಟು ದೂರ ಐತಿ ಅಂತ ನೋಡ್ರಿ ಅತ್ತಿ." ದೋಣಿಯ ತಳದಲ್ಲಿದ್ದ ಹುಟ್ಟನ್ನು ಎತ್ತಿ ಮುದುಕಿಯ ತೊಡೆಯ ಮೇಲಿಟ್ಟಳು. "ಹಾಕ್ರಿ. ಎಂಜಿನ್ ಇಲ್ಲ ಅಂತ ತಿಳ್ಕೊಳ್ರಿ. ರಟ್ಟಿ ಐತಲ್ಲಾ... ಹಾಕ್ರಿ!"

ವೀರವ್ವ ಸೊಸೆಯ ಮುಖ ನೋಡಿದಳು. ಅಲ್ಲಿ ಏನು ಕಂಡಳೋ! ಹುಟ್ಟು ನೀರಿಗೆ ಹಾಕಿದಳು. ಎಳೆದಳು. ದೋಣಿಯ ಮೂತಿ ಒಂದಿಷ್ಟು ತಿರುಗಿತು, ಗಾಳಿ ಅದನ್ನು ಮತ್ತೆ ಹಿಂದಕ್ಕೆ ನೂಕಿತು. ಮತ್ತೆ ಎಳೆದಳು. ಸೆರಗು ಜಾರಿತು, ನರೆಗೂದಲು ಮುಖಕ್ಕೆ ಬಡಿಯಿತು, ಏದುಸಿರು ಬಂತು. ದಂಡೆ ಹತ್ತಿರ ಬರಲಿಲ್ಲ, ದೂರವೇ ಆಗುತ್ತಿತ್ತು.

"ಸಾಕು ಮಾಡವಾ... ಆಗವಲ್ದು ನನಗ..."

"ಅವರಿಗೂ ಸಾಕಾಗಿತ್ತು! ಸಾಕು ಅಂದ್ರ ಬಿಟ್ಟಿತೇನು ಈ ಗಾಳಿ? ದಂಡಿ ಮ್ಯಾಲೆ ನಿಂತು ನಾ ನೋಡೇನಿ ಅತ್ತಿ... ಕಣ್ಣಾರೆ ನೋಡೇನಿ! ಹೋಗಬ್ಯಾಡ್ರಿ ಅಂತ ಅವತ್ತು ಮುಂಜಾನಿ ಕಾಲು ಹಿಡದಿದ್ದೆ. 'ನನ್ನ ರಟ್ಟಿ ಐತಿ, ನಮ್ಮವ್ವನ ಹೇಳ್ಯಾಳ' ಅಂತ ನಕ್ಕೊಂತ ಹೋದ್ರು!"

ಹುಟ್ಟು ವೀರವ್ವನ ಕೈಯಿಂದ ಜಾರಿ ದೋಣಿಯೊಳಗೆ ಬಿತ್ತು. ಆಕೆ ಎರಡೂ ಅಂಗೈಗಳನ್ನು ನೋಡಿಕೊಂಡಳು. ಚರ್ಮ ಸುಲಿದು ಕೆಂಪಾಗಿದ್ದವು. ಇಷ್ಟು ವರ್ಷ ಕಾದು ಕಾದು ತೀರಿಸಿಕೊಂಡ ಸೇಡು ಇದು. ಇದರಿಂದ ಎದೆ ಹಗುರಾಗುತ್ತದೆಂದು ಫಕ್ಕೀರವ್ವ ನಂಬಿದ್ದಳು. ಹಗುರಾಗಲಿಲ್ಲ. ಎದ್ದು ಹ್ಯಾಂಡಲ್ ತಿರುವಿದಳು. ಎಂಜಿನ್ ಹತ್ತಲಿಲ್ಲ. ಮತ್ತೆ ತಿರುವಿದಳು. ಇಲ್ಲ! ದೋಣಿ ಅಡ್ಡ ತಿರುಗತೊಡಗಿತು. ಆ ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಗ ವೀರವ್ವ ತೆವಳಿಕೊಂಡು ಬಂದು, ಸುಲಿದ ಕೈಗಳನ್ನು ಸೊಸೆಯ ಕೈಗಳ ಮೇಲಿಟ್ಟು ಹ್ಯಾಂಡಲ್ ಹಿಡಿದಳು. ಇಬ್ಬರೂ ಕೂಡಿ ತಿರುವಿದಾಗ ಎಂಜಿನ್ ಗುಡುಗಿತು.

ಸಂಜೆ ಬಲೆ ಎತ್ತಿದಾಗ ಬುಟ್ಟಿಯ ತುಂಬ ಮೀನು ಬಂದಿತ್ತು. ರೊಟ್ಟಿ ಬಡಿದು, ಮೀನಿನ ಸಾರು ಇಳಿಸುವ ಹೊತ್ತಿಗೆ ಪ್ರಭುವಿನ ಫೋನು ಬಂತು. ಕೈ ಹಿಟ್ಟಾಗಿದ್ದರಿಂದ ಫಕ್ಕೀರವ್ವ ಸ್ಪೀಕರ್ ಒತ್ತಿದಳು.

"ಎಂಜಿನ್ ಹೆಂಗೈತ್ರಿ ವೈನಿ? ಹತ್ತಿತೇನು?"

"ಚಲೋ ಹತ್ತೇತಿ."

"ಹಂಗಾರ ಚಲೋ ಆತು. ಹಳೇದಾದ್ರೂ ಗಟ್ಟಿ ಐತ್ರಿ ಅದು. ಎಣ್ಣಿ ಹಾಕ್ಕೊಂತ ಇರ್ರಿ... ಇಡ್ತೇನಿ."

ಇಟ್ಟುಬಿಟ್ಟ. ಅವ್ವ ಹೇಗಿದ್ದಾಳೆ ಎಂಬ ಒಂದು ಮಾತೂ ಇಲ್ಲ! ತಾಟಿನ ಮುಂದೆ ಕುಳಿತಿದ್ದ ವೀರವ್ವ ಫೋನನ್ನೇ ದಿಟ್ಟಿಸುತ್ತಿದ್ದಳು. ಎಂಜಿನ್ ಕೊಟ್ಟು, ತನ್ನನ್ನೇ ಕೊಟ್ಟು, ಹಿರಿಯ ಮಗನ ಜೀವವನ್ನೂ ಕೊಟ್ಟು ಕಾಪಾಡಿದ ಮಗ ಅವನು. ಆಕೆ ತಾಟನ್ನು ಪಕ್ಕಕ್ಕೆ ಸರಿಸಿದಳು.

"ಮಾಲತೇಶನ ರಟ್ಟಿ ನಂಬಿದ್ದೆ ನಾನು... ನೀ ಕೊಂದಿ ಅಂತ ಊರ ಮುಂದ ಅಂದೆ. ನೀ ಅಲ್ಲ ಫಕ್ಕೀರಿ... ನಾನ ಕೊಂದೆ. ನನ್ನ ಮಗನ್ನ ನಾನ ಕೊಂದೆನವಾ!"

ಒಲೆಯ ಬೆಂಕಿ ಚಟಪಟ ಎಂದಿತು. "ಹಂಗನ್ನಬ್ಯಾಡ್ರಿ ಅತ್ತಿ" ಎನ್ನುವ ಒಂದು ಮಾತು ಸಾಕಿತ್ತು. ಮುದುಕಿ ಆ ಒಂದು ಮಾತಿಗಾಗಿ ತಲೆಯೆತ್ತಿ ಕಾಯುತ್ತಿದ್ದಳು. ಫಕ್ಕೀರವ್ವನಿಗೂ ಅದು ಗೊತ್ತಿತ್ತು. ಆದರೂ ಆಡಲಿಲ್ಲ. ಸುಳ್ಳು ಹೇಳುವ ಶಕ್ತಿ ಆಕೆಯಲ್ಲಿ ಉಳಿದಿರಲಿಲ್ಲ. ಎದ್ದು ಕೊಬ್ಬರಿ ಎಣ್ಣೆ ತಂದು ಅತ್ತೆಯ ಎರಡೂ ಅಂಗೈಗಳಿಗೆ ಸವರಿದಳು. ಆಮೇಲೆ ತಾಟಿಗೆ ಮೀನಿನ ನಡುವಿನ ತುಂಡು ಹಾಕಿದಳು.

"ಉಣ್ರಿ," ಎಂದಳು. "ನಾಳಿ ಮುಂಜಾನಿ ಮತ್ತ ಬಲಿ ಬಿಡಾಕ ಹೋಗಬೇಕು. ಚುಕ್ಕಾಣಿ ಹಿಡಿಯಾಕ ಮತ್ಯಾರೂ ಇಲ್ಲ."

ವೀರವ್ವ ಎಣ್ಣೆಗೈಯಿಂದಲೇ ರೊಟ್ಟಿ ಮುರಿದಳು.