ಪೋಪೋ ಸರೋವರದ ನೀರಿನ ಗೆರೆ

ನಾವು ಬೊಲಿವಿಯಾದ ಉರು ಜನ, ಪೋಪೋ ಎಂಬ ಉಪ್ಪುನೀರಿನ ಸರೋವರದ ಮೀನುಗಾರರು. ಮೇಲಿನ ಊರುಗಳವರು ಅದಕ್ಕೆ ಬರುವ ಹೊಳೆಯನ್ನು ತಮ್ಮತ್ತ ತಿರುಗಿಸಿಕೊಂಡರು, ಸರೋವರ ಬತ್ತಿ ಆರು ವರ್ಷವಾಯಿತು.

ಮೊನ್ನೆ ಮಧ್ಯಾಹ್ನ ಅಪ್ಪನ ದೋಣಿಯನ್ನು ಸೌದೆಗೆಂದು ಒಡೆಯಲು ಹೊರಟೆ. ದಡಕ್ಕೆ ಬಂದೊಡನೆ ಹಳೇ ರೂಢಿಯಂತೆ ಪ್ಯಾಂಟು ಮಡಚಿದೆ.

"ಏನಯ್ಯಾ, ಧೂಳಲ್ಲಿ ಮುಳುಗೋಗ್ತೀಯಾ?" ಎಂದು ಜೊತೆಗೆ ಬಂದಿದ್ದ ಹೆಂಡತಿ ಎವರಿಸ್ತಾ ದಡದಲ್ಲೇ ನಿಂತು ನಕ್ಕಳು. ನಾಚಿಕೆಯಾಗಿ ಇಳಿಬಿಟ್ಟೆ.

ದೋಣಿ ಹತ್ತಿರವಾದಂತೆ ನೀರಿಗಿಳಿದಂತೆ ಮೊಣಕಾಲಿನವರೆಗೆ ಚಳಿ ಕೊರೆಯತೊಡಗಿತು. ಕೆಳಗೆ ನೆಲ ಒಣಗಿ ಬಿರಿದೇ ಇತ್ತು. ಕೊಡಲಿ ಎತ್ತಿದೆ. ದೋಣಿ ತೇಲುವಂತೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

ಕೊಡಲಿ ಅಲ್ಲೇ ಬಿಟ್ಟು ದಡಕ್ಕೆ ಓಡಿ ಬಂದೆ.

"ಪ್ಯಾಂಟು ಎಲ್ಲಿ ಒದ್ದೆ ಮಾಡ್ಕೊಂಡೆ?" ಎಂದಳು ಎವರಿಸ್ತಾ. ಈ ಸಲ ನಗಲಿಲ್ಲ.

ಕುಡಿಯುವ ನೀರು ಇಂದಿಗೂ ಲಾರಿಯಲ್ಲೇ ಬರುತ್ತದೆ. ಮೊಳೆಗೆ ನೇತುಹಾಕಿದ ಆ ಪ್ಯಾಂಟಿನಲ್ಲಿ ಮಾತ್ರ, ಅಂದು ಒದ್ದೆ ಆರಿದ ಮೇಲೆ ಮೊಣಕಾಲಿನ ಮಟ್ಟಕ್ಕೆ ಉಳಿದಿದ್ದ ಉಪ್ಪಿನ ಗೆರೆ ಇಂದು ಬೆಳಿಗ್ಗೆ ಸೊಂಟಕ್ಕೆ ಬಂದಿದೆ.